ವ್ಯಾಟ್ ಆಮೇಲೆ, ಮೊದಲು ಕಂಬಳಿ

ಡಿ.ವಿ.ಡಿ. ಕಾಲದಲ್ಲಿ ಕೊಂಡ 'ಹೋಮ್ ಥಿಯೇಟರ್' ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಈಗ ಅಟ್ಟ ಸೇರಿದೆ. ಐದು ಪುಟ್ಟ ಪೆಟ್ಟಿಗೆ, ಒಂದು ದಪ್ಪ ಪೆಟ್ಟಿಗೆ, ಜೊತೆಗೆ ಇಲಿಗೆ ಇಷ್ಟವಾಗುವಂಥ ತಂತಿಗಳ ಗೋಜಲು. ಡಿಸ್ಕ್ ತಿರುಗಿಸುವ ಯಂತ್ರ ಮೊದಲು ಕೈಕೊಟ್ಟಿತು. ಆಮೇಲೆ ಗೋಡೆಗೆ ಅಂಟಿಕೊಳ್ಳುವ ತೆಳ್ಳನೆಯ ಟಿ.ವಿ. ಬಂತು. ಚಿತ್ರ ದೊಡ್ಡದಾಯಿತು, ದನಿ ಸಣ್ಣದಾಯಿತು. ಅಷ್ಟು ತೆಳುವಾದ ಮೈಯಲ್ಲಿ ಒಳ್ಳೆಯ ಸ್ಪೀಕರ್ ಕೂರಿಸಲು ಜಾಗವಾದರೂ ಎಲ್ಲಿ? ಇರುವ ಪುಟ್ಟ ಸ್ಪೀಕರುಗಳು ಹೆಚ್ಚಾಗಿ ನೆಲದ ಕಡೆಗೋ ಹಿಂದಿನ ಗೋಡೆಯ ಕಡೆಗೋ ಮುಖ ಮಾಡಿರುತ್ತವೆ. ಅಜ್ಜಿಗೆ ಧಾರಾವಾಹಿಯ ಮಾತು ತಿಳಿಯುವುದಿಲ್ಲ. 'ಸ್ವಲ್ಪ ಜೋರು ಮಾಡೋ' ಎನ್ನುತ್ತಾರೆ. ಜೋರು ಮಾಡಿದರೆ ಜಾಹೀರಾತು ಬಂದೊಡನೆ ಪಕ್ಕದ ಕೋಣೆಯಲ್ಲಿ ಪಿ.ಯು. ಓದುವ ಮೊಮ್ಮಗಳಿಗೆ ತಲೆನೋವು.

ಆಗ ಶುರುವಾಗುತ್ತದೆ, ಹೊಸ ಸೆಟ್ ಕೊಡಿಸಿ ಎಂಬ ಮಕ್ಕಳ ವರಾತ. ಹೊಳಲ್ಕೆರೆ, ಹೊಸದುರ್ಗದ ಕಡೆ ಅಡಿಕೆ, ಕೊಬ್ಬರಿ ಮಾರಿದ ದುಡ್ಡು ಬಂದಿದೆ ಎನ್ನಿ, ಹಿರಿಯೂರಿನಲ್ಲಿ ಈರುಳ್ಳಿಗೆ ಆ ವರ್ಷ ಬೆಲೆ ಇದ್ದಿತೆನ್ನಿ, ಆ ದುಡ್ಡಿಗೆ ಮೊದಲೇ ಸಾಲುಗಟ್ಟಿ ನಿಂತವರುಂಟು: ಕಾಲೇಜು ಫೀಸು, ಹಾಸ್ಟೆಲು, ಬೋರ್‌ವೆಲ್ ಸಾಲ. ಎಲ್ಲ ಕಳೆದು ಮೂರು ಸಾವಿರ ರೂಪಾಯಿ ಉಳಿದರೆ ಅದೇ ಹೆಚ್ಚು. ಈ ಬರಹ ಆ ಮೂರು ಸಾವಿರದವರಿಗೆ. ಅಂಗಡಿಯವರು ಯಾವುದನ್ನು ದೊಡ್ಡ ಅಕ್ಷರದಲ್ಲಿ ಬರೆದು ಮಾರುತ್ತಾರೋ ಅದಕ್ಕೆ ಕಡಿಮೆ ಖರ್ಚು ಮಾಡಿ, ಯಾವುದನ್ನು ಮಾರುವುದೇ ಇಲ್ಲವೋ ಅದರ ಕಡೆ ಮೊದಲು ನೋಡಿ ಎಂಬುದು ನನ್ನ ವಾದ.

<b>ಐದು ಸಾವಿರ ವ್ಯಾಟಿನ ಡಬ್ಬಿ</b>

ದೊಡ್ಡ ಅಕ್ಷರದಲ್ಲಿ ಬರೆದಿರುವುದು ವ್ಯಾಟ್. ಊರ ಪೇಟೆಯಲ್ಲಿ ಜೋಡಿಸಿ ಮಾರುವ ಪೆಟ್ಟಿಗೆಗಳ ಮೇಲೆ '5000 ವ್ಯಾಟ್ ಪಿ.ಎಂ.ಪಿ.ಒ.' ಎಂಬ ಹೊಳೆಯುವ ಚೀಟಿಯನ್ನು ನೀವು ನೋಡಿರಬೇಕು. ಒಂದು ನೀರೆತ್ತುವ ಮೋಟಾರಿನ ಹತ್ತಿರ ಹತ್ತಿರ ಏಳು ಅಶ್ವಶಕ್ತಿ! ಆದರೆ ಅದರ ಗೋಡೆ ಪ್ಲಗ್ ಮಾತ್ರ ಮೊಬೈಲ್ ಚಾರ್ಜರಿನಷ್ಟೇ ಸಣ್ಣದು. ಎಸ್.ಎಸ್.ಎಲ್.ಸಿ. ಓದುವ ಮಗಳನ್ನೇ ಕೇಳಿ, ಶಕ್ತಿ ಸಂರಕ್ಷಣೆಯ ನಿಯಮ ಏನು ಹೇಳುತ್ತದೆ ಎಂದು. ಪೆಟ್ಟಿಗೆಯ ಬೆನ್ನಿನ ತಗಡನ್ನೋ ಅಡಾಪ್ಟರಿನ ಹೊಟ್ಟೆಯನ್ನೋ ಓದಿ: 12 ವೋಲ್ಟ್, 5 ಆಂಪಿಯರ್ ಎಂದಿದ್ದರೆ ಒಳಗೆ ಹೋಗುವುದೇ 60 ವ್ಯಾಟ್. ಒಂದೇ ಸಮನೆ ಹೊರಗೆ ಬರುವುದು ಅದಕ್ಕಿಂತ ಹೆಚ್ಚಾಗಲು ಸಾಧ್ಯವೇ ಇಲ್ಲ. ಪಿ.ಎಂ.ಪಿ.ಒ. ಎಂಬುದಕ್ಕೆ ಎಲ್ಲರೂ ಒಪ್ಪಿದ ಅಳತೆಯ ಕ್ರಮವಿಲ್ಲ. ಯಾರು ಎಷ್ಟು ಬೇಕಾದರೂ ಬರೆದುಕೊಳ್ಳಬಹುದು. ನೋಡಬೇಕಾದದ್ದು 'ಆರ್.ಎಂ.ಎಸ್.' ಎಂದು ಬರೆದ ಸಂಖ್ಯೆ.

ಇಂಥ ಪೆಟ್ಟಿಗೆಗಳ ಒಳಗೆ ಬಹುಕಾಲ ರಾಜ್ಯವಾಳಿದ್ದು '4440' ಎಂದು ಎಲ್ಲ ರಿಪೇರಿಯವರೂ ಕರೆಯುವ ಚಿಪ್ಪು. ಜಪಾನಿನ ಸಾನ್ಯೊ ಕಂಪನಿಯ ಎಲ್‌ಎ 4440. ತಯಾರಕರೇ ಹೇಳುವಂತೆ ಅದು ಎರಡು ಕಡೆಗೆ ತಲಾ 6 ವ್ಯಾಟ್, ಎರಡನ್ನೂ ಕೂಡಿಸಿದರೆ 19 ವ್ಯಾಟ್ ಕೊಡುತ್ತದೆ. ಅಷ್ಟೆ. ಹಾಗೆಂದು ಅದನ್ನು ಹಂಗಿಸಬೇಕಾಗಿಲ್ಲ. ಹತ್ತು ಹನ್ನೆರಡು ಅಡಿಯ ಕೋಣೆಯಲ್ಲಿ ನಾವು ಸುದ್ದಿ, ಧಾರಾವಾಹಿ ಕೇಳುವಾಗ ಸ್ಪೀಕರು ತಿನ್ನುವುದು ಒಂದು ವ್ಯಾಟಿಗೂ ಕಡಿಮೆ. ಇನ್ನೊಂದು ಮಾತು: ವ್ಯಾಟನ್ನು ಎರಡರಷ್ಟು ಮಾಡಿದರೆ ದನಿ ಎರಡರಷ್ಟಾಗುವುದಿಲ್ಲ. 3 ಡೆಸಿಬೆಲ್ ಏರುತ್ತದೆ, ಕಿವಿಗೆ 'ಹೌದೇನೋ' ಅನ್ನಿಸುವಷ್ಟು. ದನಿ ಎರಡು ಪಟ್ಟು ಜೋರೆನಿಸಬೇಕಾದರೆ ವ್ಯಾಟ್ ಹತ್ತು ಪಟ್ಟು ಬೇಕು. 20 ವ್ಯಾಟಿನದನ್ನು ಬಿಟ್ಟು 40 ವ್ಯಾಟಿನದನ್ನು ಕೊಂಡವರು ಹಣ ಕೊಟ್ಟಷ್ಟಕ್ಕೆ ತೃಪ್ತಿಪಟ್ಟುಕೊಳ್ಳಬೇಕು.

<b>ಕಲ್ಲಿನ ಕೋಣೆ</b>

ಹಾಗಾದರೆ ಅಜ್ಜಿಗೆ ಮಾತು ತಿಳಿಯದಿರುವುದು ಏಕೆ? ಕೋಣೆಯ ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿ ನೋಡಿ. 'ಚಟ್' ಎಂದು ನಿಂತರೆ ಸರಿ. 'ಚಟ್‌ರ್‌ರ್' ಎಂದು ಎಳೆದುಕೊಂಡು ಹೋದರೆ ತಪ್ಪಿತಸ್ಥ ಸ್ಪೀಕರಲ್ಲ, ಮನೆ. ದುರ್ಗದ ಸೀಮೆ ಕಲ್ಲಿನ ಸೀಮೆ. ಹಳೆಯ ಮನೆಗಳಿಗೆ ಕಲ್ಲಿನ ಗೋಡೆ, ಕೆಲವಕ್ಕೆ ಚಪ್ಪಡಿಯ ಮಾಡು. ಹೊಸವಕ್ಕೆ ಕಾಂಕ್ರೀಟು, ಟೈಲ್ಸು, ಗ್ರಾನೈಟು. ಇವೆಲ್ಲ ದನಿಯನ್ನು ನುಂಗುವುದಿಲ್ಲ, ಚೆಂಡಿನಂತೆ ವಾಪಸು ಎಸೆಯುತ್ತವೆ. 'ಬಾ' ಎಂಬ ಅಕ್ಷರ ಗೋಡೆಗಳ ನಡುವೆ ಇನ್ನೂ ಅಲೆಯುತ್ತಿರುವಾಗಲೇ 'ಗಿಲು' ಬಂದು ಅದರ ಮೇಲೆ ಬೀಳುತ್ತದೆ. ವಯಸ್ಸಾದ ಕಿವಿಗೆ ಈ ಕಲಸುಮೇಲೋಗರವನ್ನು ಬಿಡಿಸಿಕೊಳ್ಳುವುದು ಕಷ್ಟ. ದನಿ ಜೋರು ಮಾಡಿದರೆ ಪ್ರತಿಧ್ವನಿಯೂ ಅಷ್ಟೇ ಜೋರಾಗುತ್ತದೆ, ಲಾಭವಿಲ್ಲ.

ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಗೆ ನಾಟಕ ನೋಡಲು ಹೋದವರಿಗೆ ಇದರ ತದ್ವಿರುದ್ಧ ಅನುಭವ ಆಗಿರುತ್ತದೆ. 1997ರಲ್ಲಿ ಶುರುವಾದ 'ಶಿವಸಂಚಾರ' ತಿರುಗಾಟದ ತಂಡದ ಊರು ಅದು. ಅಲ್ಲಿನ ಬಯಲು ರಂಗಮಂದಿರಕ್ಕೆ ಮಾಡಿಲ್ಲ. ಮೇಲೆ ಹೋದ ಮಾತು ಆಕಾಶಕ್ಕೆ ಹೋಯಿತು. ಮರಳಿ ಬಂದು ಮುಂದಿನ ಮಾತನ್ನು ಕೆಡಿಸುವುದಿಲ್ಲ.

ನಾವು ಮನೆಯ ಮಾಡನ್ನು ತೆಗೆಯಲಾರೆವು. ಆದರೆ ಇದಕ್ಕೆ ಮದ್ದು ಕಂಡುಹಿಡಿದವನ ಕಥೆ ಮಕ್ಕಳು ಕೇಳುವಂತಿದೆ. 1895ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಒಂದು ಹೊಸ ಉಪನ್ಯಾಸ ಕೊಠಡಿಯಲ್ಲಿ ಮೇಷ್ಟರ ಮಾತು ಯಾರಿಗೂ ತಿಳಿಯುತ್ತಿರಲಿಲ್ಲ. ಆಡಿದ ಮಾತು ಐದು ಸೆಕೆಂಡಿಗೂ ಹೆಚ್ಚು ಕಾಲ ಗುಂಯ್‌ಗುಡುತ್ತಿತ್ತು. ಸರಿಪಡಿಸುವ ಕೆಲಸ ವ್ಯಾಲೇಸ್ ಸೇಬಿನ್ ಎಂಬ ಎಳೆಯ ಭೌತಶಾಸ್ತ್ರದ ಅಧ್ಯಾಪಕನ ಪಾಲಿಗೆ ಬಂತು. ಅವನು ರಾತ್ರಿ, ಊರೆಲ್ಲ ಮಲಗಿ ಸದ್ದಡಗಿದ ಮೇಲೆ, ಹತ್ತಿರದ ರಂಗಮಂದಿರದಿಂದ ಕುರ್ಚಿಯ ಮೆತ್ತೆಗಳನ್ನು ಹೊರಿಸಿ ತಂದು ಕೊಠಡಿಯಲ್ಲಿ ಹಾಸುತ್ತಿದ್ದ. ಆರ್ಗನ್ ವಾದ್ಯದ ಒಂದು ಕೊಳವೆ ಊದಿ, ದನಿ ಅಡಗುವವರೆಗೆ ಗಡಿಯಾರ ಹಿಡಿದು ಕೂರುತ್ತಿದ್ದ. ಬೆಳಗಾಗುವ ಮುಂಚೆ ಮೆತ್ತೆಗಳು ಮತ್ತೆ ಸ್ವಸ್ಥಾನಕ್ಕೆ! ಇದರಿಂದ ಹುಟ್ಟಿದ ಸೂತ್ರ ಇಂದಿಗೂ ಬಳಕೆಯಲ್ಲಿದೆ: ಕೋಣೆಯ ಘನಗಾತ್ರವನ್ನು 0.161ರಿಂದ ಗುಣಿಸಿ, ಕೋಣೆಯಲ್ಲಿ ದನಿ ನುಂಗುವ ಒಟ್ಟು ಮೈಯಿಂದ ಭಾಗಿಸಿದರೆ ದನಿ ಅಡಗುವ ಕಾಲ ಸೆಕೆಂಡುಗಳಲ್ಲಿ ಸಿಗುತ್ತದೆ.

ಲೆಕ್ಕ ಹಾಕೋಣ. 12 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರದ ಖಾಲಿ ಕೋಣೆ. ಘನಗಾತ್ರ ಸುಮಾರು 34 ಘನ ಮೀಟರ್. ಗೋಡೆ, ನೆಲ, ಮಾಡು ಎಲ್ಲ ಸೇರಿ 63 ಚದರ ಮೀಟರ್. ಗಾರೆ, ಕಲ್ಲು ನೂರಕ್ಕೆ ಮೂರು ಪಾಲು ನುಂಗುತ್ತವೆ ಎಂದು ಹಿಡಿದರೆ ನುಂಗುವ ಮೈ 1.9 ಚದರ ಮೀಟರ್. ಉತ್ತರ 2.9 ಸೆಕೆಂಡ್! ನಾಲ್ಕು ಜನ ಬಂದು ಕೂತರೆ (ಒಬ್ಬೊಬ್ಬರು ಹೆಚ್ಚುಕಡಿಮೆ 0.45 ಚದರ ಮೀಟರಿನಷ್ಟು ನುಂಗುತ್ತಾರೆ) ಒಂದೂವರೆ ಸೆಕೆಂಡಿಗೆ ಇಳಿಯುತ್ತದೆ. ಇನ್ನು ಎರಡು ದಪ್ಪ ಕಂಬಳಿ ತೂಗುಹಾಕಿ. ಒಂದೊಂದು 3 ಚದರ ಮೀಟರ್, ಬಂದ ದನಿಯಲ್ಲಿ ಅರ್ಧ ನುಂಗಿತೆನ್ನಿ. ಈಗ 0.8 ಸೆಕೆಂಡ್. ಮಾತು ಬಿಡಿಬಿಡಿಯಾಗಿ ಕೇಳುತ್ತದೆ, ಒಂದು ರೂಪಾಯಿಯ ಸ್ಪೀಕರೂ ಕೊಳ್ಳದೆ.

ಉಣ್ಣೆ ದನಿಯನ್ನು ನುಂಗುವುದರಲ್ಲಿ ಬಲು ಗಟ್ಟಿ. ಎಳೆಗಳ ನಡುವಿನ ಗಾಳಿ ಅಲುಗಾಡುವಾಗ ತಿಕ್ಕಾಟದಿಂದ ದನಿಯ ಶಕ್ತಿ ಬಿಸಿಯಾಗಿ ಹೋಗುತ್ತದೆ. ಪಟ್ಟಣದ ಸ್ಟುಡಿಯೋಗಳು ದುಬಾರಿ ಹಲಗೆ ತರಿಸಿಕೊಳ್ಳುವುದು ಇದೇ ಕೆಲಸಕ್ಕೆ. ನಮ್ಮ ಜಿಲ್ಲೆಯ ಚಳ್ಳಕೆರೆಯ ಕಡೆಯ ಕುರಿ ಉಣ್ಣೆಯ ಕರಿ ಕಂಬಳಿ ಎಷ್ಟೋ ಮನೆಗಳ ಪೆಟ್ಟಿಗೆಯಲ್ಲಿ ಇದ್ದೇ ಇರುತ್ತದೆ. ಗೋಡೆಗೆ ಒತ್ತಿ ಮೊಳೆ ಹೊಡೆಯಬೇಡಿ. ಪರದೆಯ ಕೋಲಿಗೆ ಹಾಕಿ, ಗೋಡೆಗೂ ಕಂಬಳಿಗೂ ನಡುವೆ ನಾಲ್ಕು ಬೆರಳಿಗಿಂತ ಹೆಚ್ಚು ಸಂದು ಬಿಡಿ. ಆಗ ಹೆಚ್ಚು ನುಂಗುತ್ತದೆ. ಎಲ್ಲಿ ತೂಗಬೇಕು? ನೀವು ಮಾಮೂಲು ಜಾಗದಲ್ಲಿ ಕೂತುಕೊಳ್ಳಿ. ತಮ್ಮ ಕನ್ನಡಿ ಹಿಡಿದು ಪಕ್ಕದ ಗೋಡೆಯುದ್ದಕ್ಕೂ ನಡೆಯಲಿ. ಯಾವ ಜಾಗದಲ್ಲಿ ಕನ್ನಡಿಯೊಳಗೆ ಸ್ಪೀಕರು ಕಾಣುತ್ತದೋ ಅಲ್ಲಿ. ಬೆಳಕಿನ ಪ್ರತಿಫಲನದ ನಿಯಮವೇ ದನಿಗೂ. ನೆಲಕ್ಕೆ ಜಮಖಾನವನ್ನೋ ತೆಂಗಿನ ನಾರಿನ ಚಾಪೆಯನ್ನೋ ಹಾಸಿ. ಗೋಡೆಗೆ ಮೊಟ್ಟೆಯ ಟ್ರೇ ಅಂಟಿಸುವ ಹುಚ್ಚು ಮಾತ್ರ ಬೇಡ. ಅದರಿಂದ ದನಿಗೆ ಹೇಳಿಕೊಳ್ಳುವ ಉಪಕಾರವಿಲ್ಲ, ಬೆಂಕಿಗೆ ಮಾತ್ರ ಒಳ್ಳೆಯ ಆಹಾರ.

<b>ಶೋಕೇಸಿನಿಂದ ಇಳಿಸಿ</b>

ಈಗ ಪೆಟ್ಟಿಗೆಗಳ ಮಾತು. ನಮ್ಮ ಮನೆಗಳಲ್ಲಿ ಸ್ಪೀಕರಿಗೆ ನಿಗದಿಯಾದ ಜಾಗ ಎರಡು: ಶೋಕೇಸಿನ ಒಳಗೆ ಬೊಂಬೆಗಳ ನಡುವೆ, ಇಲ್ಲವೇ ಮಾಡಿನ ಹತ್ತಿರ ಮೊಳೆಗೆ. ಎರಡೂ ತಪ್ಪು. ಕೂತವರ ಕಿವಿಯ ಎತ್ತರಕ್ಕೆ, ಟಿ.ವಿ.ಯ ಎಡಬಲಗಳಲ್ಲಿ ಆರೇಳು ಅಡಿ ಅಂತರದಲ್ಲಿ, ಹಿಂದಿನ ಗೋಡೆಯಿಂದ ಒಂದಡಿ ಮುಂದೆ ಇರಲಿ. ಎರಡು ಸ್ಪೀಕರು ಮತ್ತು ನೀವು ಸಮಬಾಹು ತ್ರಿಕೋನದ ಮೂರು ಮೂಲೆ. ಇದಕ್ಕೂ ಖರ್ಚಿಲ್ಲ, ಬೊಂಬೆಗಳನ್ನು ಬೇರೆಡೆ ಇಡಲು ಅಮ್ಮನ ಅನುಮತಿ ಬೇಕು, ಅಷ್ಟೆ.

ಹಣ ಕಡಿಮೆ ಇದ್ದಾಗ 5.1ರ ಐದರ ಹಿಂದೆ ಓಡಬಾರದು. ಒಂದೇ ಬೆಲೆಗೆ ಐದು ಪೆಟ್ಟಿಗೆ ಮತ್ತು ಎರಡು ಪೆಟ್ಟಿಗೆ ಸಿಗುವಾಗ ಎರಡನ್ನೇ ಆರಿಸಿ. ಒಂದೊಂದರ ಮೇಲೂ ಎರಡೂವರೆ ಪಟ್ಟು ಹೆಚ್ಚು ಖರ್ಚು ಮಾಡಿದಂತಾಯಿತು. ಎರಡು ಒಳ್ಳೆಯ ಸ್ಪೀಕರುಗಳ ನಡುವೆ ಕೂತರೆ ಮಾತು ನಟನ ಬಾಯಿಂದಲೇ ಬಂದಂತೆ ಕೇಳುತ್ತದೆ, ನಡುವಿನ ಸ್ಪೀಕರಿನ ಕೊರತೆ ಕಾಣುವುದಿಲ್ಲ. ಹಿಂದಿನ ಎರಡು ಪೆಟ್ಟಿಗೆಗಳು ಕೆಲಸ ಮಾಡುವುದು ಹೆಲಿಕಾಪ್ಟರ್ ಹಾರಿದಾಗ, ಮಳೆ ಬಂದಾಗ. ನಮ್ಮ ಜಿಲ್ಲೆಯಲ್ಲಿ ಎರಡೂ ಅಪರೂಪ. ಅವುಗಳನ್ನು ಮುಂದಿನ ವರ್ಷ ನೋಡಿಕೊಳ್ಳಬಹುದು.

ಆ ಎರಡು ಒಳ್ಳೆಯ ಪೆಟ್ಟಿಗೆ ಎಲ್ಲಿವೆ? ಬಹಳ ಸಲ ಅದೇ ಅಟ್ಟದಲ್ಲಿ. ಡಿ.ವಿ.ಡಿ. ಸೆಟ್ಟಿನ ಮೂರಿಂಚಿನ ಪುಟ್ಟವಲ್ಲ. ಅದಕ್ಕೂ ಹಿಂದೆ, ಕ್ಯಾಸೆಟ್ ಕಾಲದಲ್ಲಿ ಅಪ್ಪ ಕೊಂಡ ಟೇಪ್ ಡೆಕ್ಕಿನ ಜೊತೆ ಬಂದ, ಆರಿಂಚಿನ ಕೋನ್ ಇರುವ ಮರದ ಪೆಟ್ಟಿಗೆಗಳು. ಇಳಿಸಿ, ಗೆದ್ದಲು ಹತ್ತಿದೆಯೇ ನೋಡಿ, ಮುಂದಿನ ಬಟ್ಟೆ ಬಿಚ್ಚಿ. ಕೋನಿನ ಸುತ್ತಲ ಉಂಗುರ ಫೋಮಿನದಾದರೆ ಅದು ಪುಡಿಪುಡಿಯಾಗಿರುತ್ತದೆ, ಮುಟ್ಟಿದರೆ ಕೈಗೆ ಅಂಟುತ್ತದೆ. 'ಸ್ಪೀಕರ್ ಹೋಗಿದೆ' ಎಂದು ಎಸೆದವುಗಳಲ್ಲಿ ಎಷ್ಟೋ ಇಂಥವು. ಕಾಯಿಲು, ಅಯಸ್ಕಾಂತ ಎರಡೂ ಗಟ್ಟಿಯಾಗಿರುತ್ತವೆ. ಅಂಚು ಮಾತ್ರ ಹಳತಾಗಿರುತ್ತದೆ. ಹೊಸ ರಬ್ಬರ್ ಉಂಗುರ ಕೂರಿಸಿದರೆ ಇನ್ನೊಂದು ಜನ್ಮ.

ಈ ಕೆಲಸ ಬಲ್ಲವರನ್ನು ಹುಡುಕಬೇಕಾದರೆ ಟಿ.ವಿ. ಷೋರೂಮಿಗೆ ಹೋಗಬೇಡಿ, ಮೈಕ್‌ಸೆಟ್‌ನವರನ್ನು ಕೇಳಿ. ಹಿರಿಯೂರಿನ ತೇರುಮಲ್ಲೇಶ್ವರನ ಜಾತ್ರೆ ಇರಲಿ, ಹೊಳಲ್ಕೆರೆಯ ಮದುವೆ ಇರಲಿ, ಅವರ ಸ್ಪೀಕರುಗಳು ಸೀಸನ್ನಿಗೊಮ್ಮೆ ಹರಿಯುತ್ತವೆ. ಕೋನ್ ಹಾಕುವವರು ಯಾರು, ಎಷ್ಟು ತೆಗೆದುಕೊಳ್ಳುತ್ತಾರೆ ಎಂಬುದು ಅವರಿಗೆ ಬಾಯಿಪಾಠ. ಮದುವೆ ತಿಂಗಳುಗಳಲ್ಲಿ ಹೋದರೆ ಕೆಲಸ ಆಗುವುದಿಲ್ಲ; ಆಷಾಢದಲ್ಲಿ ಹೋಗಿ.

<b>ತಂತಿಯ ಲೆಕ್ಕ</b>

ರಿಪೇರಿಗೆ ಕೊಡುವ ಮೊದಲು ಮಲ್ಟಿಮೀಟರ್ ಇದ್ದರೆ ಸ್ಪೀಕರಿನ ಎರಡು ತುದಿಗೆ ಹಿಡಿಯಿರಿ. '8 ಓಮ್' ಎಂದು ಬರೆದದ್ದು ಆರೋ ಏಳೋ ತೋರಿಸುತ್ತದೆ. ಅದು ಸರಿಯಾದ ಲಕ್ಷಣ. ಮುಳ್ಳು ಅಲುಗದಿದ್ದರೆ ಕಾಯಿಲು ತುಂಡಾಗಿದೆ. ಈ ಓಮಿನ ವಿಷಯ ಹಗುರವಾಗಿ ಕಾಣಬಾರದು. ಡಿ.ವಿ.ಡಿ. ಸೆಟ್ಟುಗಳ ಪುಟ್ಟ ಪೆಟ್ಟಿಗೆಗಳು ಎಷ್ಟೋ ಸಲ 3 ಅಥವಾ 4 ಓಮಿನವು. 8 ಓಮಿಗೆ ಮಾಡಿದ ಆಂಪ್ಲಿಫೈಯರಿಗೆ ಅವನ್ನು ಸಿಕ್ಕಿಸಿದರೆ ಕರೆಂಟು ಎರಡರಷ್ಟು ಹರಿದು ಆಂಪ್ಲಿಫೈಯರು ಕಾಯುತ್ತದೆ, ಕೊನೆಗೆ ಸುಡುತ್ತದೆ. ಒಂದೇ ಕಡೆಗೆ 8 ಓಮಿನ ಎರಡು ಸ್ಪೀಕರನ್ನು ಸಮಾಂತರವಾಗಿ ಜೋಡಿಸಿದರೂ 4 ಓಮೇ ಆಯಿತು. ಹತ್ತನೇ ತರಗತಿಯ ಪಾಠ ಇಲ್ಲಿ ದುಡ್ಡು ಉಳಿಸುತ್ತದೆ.

ತಂತಿಗೆ ದುಬಾರಿ ಹೆಸರು ಬೇಡ. ಮನೆ ವೈರಿಂಗಿಗೆ ಬಳಸುವ 1.5 ಚದರ ಮಿಲಿಮೀಟರಿನ ತಾಮ್ರದ ತಂತಿ, 5 ಮೀಟರು ಹೋಗಿ ಬರುವಷ್ಟರಲ್ಲಿ ತಡೆ ಒಟ್ಟು 0.12 ಓಮಿನ ಆಸುಪಾಸು. 8 ಓಮಿನ ಮುಂದೆ ಅದು ಲೆಕ್ಕಕ್ಕಿಲ್ಲ. ಆದರೆ ಕೆರೆದು ನೋಡಿ ಕೊಳ್ಳಿ; ಮೇಲೆ ತಾಮ್ರದ ಬಣ್ಣ, ಒಳಗೆ ಬೆಳ್ಳಗಿನ ಅಲ್ಯೂಮಿನಿಯಂ ಇರುವ ತಂತಿಯೂ ಪೇಟೆಯಲ್ಲಿದೆ.

ಹೊಸ ಟಿ.ವಿ.ಯಿಂದ ಹಳೆಯ ಆಂಪ್ಲಿಫೈಯರಿಗೆ ದನಿ ಕೊಡುವುದು ಹೇಗೆಂದು ಬಹಳ ಮಂದಿ ಕೈಚೆಲ್ಲುತ್ತಾರೆ. ಟಿ.ವಿ.ಯ ಬೆನ್ನಿನಲ್ಲಿ ಇಯರ್‌ಫೋನಿನ ತೂತು ಇದ್ದರೆ ಒಂದು ಅಗ್ಗದ ವೈರು ಸಾಕು. ಇಲ್ಲದಿದ್ದರೆ 'ಆಪ್ಟಿಕಲ್' ಎಂಬ ಚೌಕದ ಸಣ್ಣ ಬಾಗಿಲಿರುತ್ತದೆ. ಒಳಗೆ ಕೆಂಪು ಬೆಳಕು. ಅದಕ್ಕೆ ಬೆಳಕಿನ ಸಂಕೇತವನ್ನು ದನಿಯ ಸಂಕೇತವಾಗಿಸುವ ಬೆಂಕಿಪೊಟ್ಟಣದಷ್ಟು ಡಬ್ಬಿ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಸಿಕ್ಕಿಸಿದ ಮೇಲೆ ದನಿಯೇ ಬರದಿದ್ದರೆ ಡಬ್ಬಿಯನ್ನು ಬಯ್ಯಬೇಡಿ. ಟಿ.ವಿ.ಯ ಮೆನುವಿನಲ್ಲಿ ದನಿಯ ಹೊರಗಣ ರೂಪವನ್ನು 'ಪಿ.ಸಿ.ಎಂ.' ಎಂದು ಬದಲಿಸಿ. ಡಾಲ್ಬಿ ಭಾಷೆ ಆ ಅಗ್ಗದ ಡಬ್ಬಿಗೆ ಬರುವುದಿಲ್ಲ.

ಆಂಪ್ಲಿಫೈಯರಿನ ಮುಚ್ಚಳವನ್ನು ಮಾತ್ರ ವಿದ್ಯಾರ್ಥಿಗಳು ತೆಗೆಯಬಾರದು. ಪ್ಲಗ್ ಕಿತ್ತ ಮೇಲೂ ಒಳಗಿನ ದೊಡ್ಡ ಕೆಪಾಸಿಟರುಗಳು ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರುತ್ತವೆ. ಗುಂಯ್ ಸದ್ದು ಹೋಗಲೆಂದು ಮೂರನೆಯ, ಅಂದರೆ ಅರ್ತಿಂಗ್ ಪಿನ್ನನ್ನು ಮುರಿಯುವ ಕೆಟ್ಟ ಚಾಳಿಯೂ ಬೇಡ, ಜೀವಕ್ಕೆ ಎರವಾದೀತು. ವಾಲ್ಯೂಮ್ ತಿರುಗಿಸಿದಾಗ 'ಕರಕರ' ಎನ್ನುವುದು ನಮ್ಮ ಬಯಲುಸೀಮೆಯ ಗಾಳಿ ತಂದ ದೂಳಿನ ಕಾಣಿಕೆ. ರಿಪೇರಿಯವರ ಒಂದು ಪಿಚಕಾರಿ ಔಷಧಿಯಲ್ಲಿ ಹೋಗುತ್ತದೆ.

<b>ಮೂಲೆಯ ಗುಡುಗು</b>

ದಪ್ಪ ಪೆಟ್ಟಿಗೆ, ಅಂದರೆ ಸಬ್‌ವೂಫರ್, ಇದ್ದವರಿಗೆ ಒಂದು ಆಟ. ಕಂಬಳಿ ಇದರ ದನಿಯನ್ನು ನುಂಗಲಾರದು. 100 ಹರ್ಟ್ಸಿನ ಅಲೆಯ ಉದ್ದವೇ ಮೂರೂವರೆ ಮೀಟರಿಗೆ ಹತ್ತಿರ. ಆನೆಗೆ ಸೊಳ್ಳೆಪರದೆ ಕಟ್ಟಿದಂತೆ. ನಮ್ಮ ಅದೇ 12 ಅಡಿ ಕೋಣೆ ಉದ್ದಕ್ಕೆ 47 ಹರ್ಟ್ಸಿಗೆ, ಅಗಲಕ್ಕೆ 56 ಹರ್ಟ್ಸಿಗೆ ಮಿಡಿಯುತ್ತದೆ. ಎತ್ತರವೂ 10 ಅಡಿಯೇ ಆದ್ದರಿಂದ 56ರ ದನಿ ಇನ್ನೂ ಹಠಮಾರಿ. ಒಂದು ಕಡೆ ಕೂತವರಿಗೆ ಎದೆ ನಡುಗುತ್ತದೆ, ಎರಡು ಹೆಜ್ಜೆ ಆಚೆ ಕೂತವರಿಗೆ ಏನೂ ಇಲ್ಲ.

ಹೀಗೆ ಮಾಡಿ. ಸಬ್‌ವೂಫರನ್ನು ನೀವು ಕೂರುವ ಕುರ್ಚಿಯ ಮೇಲೇ ಇಟ್ಟು ತಮಟೆಯೋ ಡೊಳ್ಳೋ ಇರುವ ಹಾಡು ಹಾಕಿ. ಈಗ ಮಕ್ಕಳು ಗೋಡೆಯಂಚಿನಲ್ಲಿ ಮೊಣಕಾಲೂರಿ ಅಂಬೆಗಾಲಿಡುತ್ತ ಕೇಳಲಿ. ಎಲ್ಲಿ ಡೊಳ್ಳಿನ ಪೆಟ್ಟು ಗುಮ್ಮೆನ್ನದೆ ಬಿಡಿಯಾಗಿ ಕೇಳುತ್ತದೋ ಆ ಜಾಗದಲ್ಲಿ ಪೆಟ್ಟಿಗೆ ಇಡಿ, ನೀವು ಕುರ್ಚಿಗೆ ಮರಳಿ. ನೋಡುವವರಿಗೆ ನಗು ಬರುತ್ತದೆ, ಆದರೆ ಫಲ ಖಂಡಿತ. ಮೂಲೆಗೆ ತಳ್ಳಿದರೆ ಗುಡುಗು ಹೆಚ್ಚುತ್ತದೆ ನಿಜ, ಮಾತು ಮಂಕಾಗುತ್ತದೆ. ಗೋಡೆ ಹಂಚಿಕೊಂಡ ನೆರೆಮನೆಯಲ್ಲಿ ಪರೀಕ್ಷೆಗೆ ಓದುವ ಮಗುವಿದ್ದರೆ ಅದಕ್ಕೂ ಈ ಗುಡುಗೇ ಮೊದಲು ತಲುಪುವುದು. ಕೇಂದ್ರ ಸರ್ಕಾರದ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಾಸದ ಬಡಾವಣೆಯಲ್ಲಿ ಹಗಲು 55, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬೆಲ್ ಮಿತಿ.

<b>ಕಿವಿಯ ಪರೀಕ್ಷೆ</b>

ಎಲ್ಲ ಜೋಡಿಸಿದ ಮೇಲೆ ಪರೀಕ್ಷೆಗೆ ಹೊಡೆದಾಟದ ಸಿನಿಮಾ ಹಾಕುವುದು ರೂಢಿ. ಅದರಲ್ಲಿ ಏನು ಕೆಟ್ಟಿದ್ದರೂ ತಿಳಿಯುವುದಿಲ್ಲ. ನಮ್ಮ ದುರ್ಗದಲ್ಲೇ ಚಿತ್ರೀಕರಣವಾದ ಪುಟ್ಟಣ್ಣ ಕಣಗಾಲರ 'ನಾಗರಹಾವು' (1972) ಹಾಕಿ. 2018ರಲ್ಲಿ 7.1 ದನಿಯೊಡನೆ ಮತ್ತೆ ತೆರೆಕಂಡ ರೂಪವಲ್ಲ, ಹಳೆಯದು. ಆ ಕಾಲದ ಕನ್ನಡ ಚಿತ್ರಗಳ ದನಿ ಒಂದೇ ಎಳೆಯದು. ಎರಡೂ ಸ್ಪೀಕರಿಗೆ ಒಂದೇ ದನಿ ಹೋಗುತ್ತದೆ. ಸಿನಿಮಾ ಸಿಗದಿದ್ದರೆ ರೇಡಿಯೋವನ್ನು ಆಂಪ್ಲಿಫೈಯರಿಗೆ ಸಿಕ್ಕಿಸಿ ಚಿತ್ರದುರ್ಗ ಆಕಾಶವಾಣಿಯ 102.6ರಲ್ಲಿ ವಾರ್ತೆ ಕೇಳಿ. ನಡುವೆ ಕೂತು ಕಣ್ಣು ಮುಚ್ಚಿ. ಓದುವವರು ಎರಡು ಪೆಟ್ಟಿಗೆಗಳ ಮಧ್ಯದ ಖಾಲಿ ಜಾಗದಲ್ಲಿ ಕೂತು ಓದುತ್ತಿರುವಂತೆ ಕೇಳಬೇಕು.

ಹಾಗಲ್ಲದೆ ದನಿ ತೆಳುವಾಗಿ, ತಲೆಯ ಸುತ್ತ ಎಲ್ಲಿಂದಲೋ ಬಂದಂತಿದ್ದರೆ ಒಂದು ಸ್ಪೀಕರಿನ ತಂತಿ ಅದಲುಬದಲಾಗಿದೆ. ಒಂದು ಕೋನ್ ಮುಂದೆ ತಳ್ಳುವಾಗ ಇನ್ನೊಂದು ಹಿಂದಕ್ಕೆ ಎಳೆದು ಪರಸ್ಪರ ಅಳಿಸುತ್ತಿವೆ. ಆಂಪ್ಲಿಫೈಯರಿನಿಂದ ತಂತಿ ಕಳಚಿ, ಟಾರ್ಚಿನ 1.5 ವೋಲ್ಟಿನ ಒಂದು ಸೆಲ್ ತೆಗೆದುಕೊಂಡು ಅದರ ಮೊಟ್ಟೆಯ ತುದಿಗೆ ಕೆಂಪು ತಂತಿ, ತಳಕ್ಕೆ ಕಪ್ಪು ತಂತಿಯನ್ನು ಒಂದು ಕ್ಷಣ ಮುಟ್ಟಿಸಿ ತೆಗೆಯಿರಿ. ಎರಡು ಪೆಟ್ಟಿಗೆಗಳ ದೊಡ್ಡ ಕೋನೂ ಒಂದೇ ದಿಕ್ಕಿಗೆ, ಸಾಮಾನ್ಯವಾಗಿ ಹೊರಕ್ಕೆ, ಜಿಗಿಯಬೇಕು. ಒಂದು ಒಳಕ್ಕೆ ಹೋದರೆ ಅದರ ಎರಡು ತಂತಿಗಳನ್ನು ಬದಲಿಸಿ, ಮತ್ತೆ ವಾರ್ತೆ ಹಾಕಿ. ಈ ಸಲ ಅಜ್ಜಿಯನ್ನು ನಡುವೆ ಕೂರಿಸಿ ಕೇಳಿಸಿ.